ಜಿಂಜಾದಲ್ಲಿ ನಾಲ್ಕು ದಿನ: ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್. ನೀವು ಉಗಾಂಡಾ ಪ್ರವಾಸ ಏರ್ಪಡಿಸುವವರು ಅಂತ ಗೊತ್ತಾಯಿತು, ಅದಕ್ಕೇ ಕೇಳುತ್ತಿದ್ದೇನೆ. ನನ್ನ ತಮ್ಮ ಕಂಪಾಲಾದಲ್ಲಿ ಕೆಲಸದಲ್ಲಿದ್ದಾನೆ. ಡಿಸೆಂಬರ್ ರಜೆಗೆ ಬನ್ನಿ ಅಂತ ಕರೆಯುತ್ತಿದ್ದಾನೆ. ನಾನು, ನಮ್ಮ ಯಜಮಾನರು, ಹನ್ನೆರಡು ವರ್ಷದ ಮಗ, 68 ವರ್ಷದ ಅತ್ತೆ ಹೊರಟಿದ್ದೇವೆ. ಅವನ ಮನೆಯಲ್ಲಿ ಕಳೆಯುವ ದಿನ ಬಿಟ್ಟರೆ ಸುತ್ತಾಡಲು ಉಳಿಯುವುದು ನಾಲ್ಕು ದಿನ. ವಿಕ್ಟೋರಿಯಾ ಸರೋವರದ ದಡದ ಜಿಂಜಾ, ನೈಲ್ ಹುಟ್ಟುವ ಜಾಗ, ಮರ್ಚಿಸನ್ ಫಾಲ್ಸ್ ಸಫಾರಿ, ಸಾಧ್ಯವಾದರೆ ಗೊರಿಲ್ಲಾ. ಇಷ್ಟನ್ನೂ ಹೊಂದಿಸಬಹುದಾ? ನಾವು ಸಸ್ಯಾಹಾರಿಗಳು. ಅತ್ತೆಗೆ ಮಂಡಿನೋವು.

ಉತ್ತರ: ನಮಸ್ಕಾರ ಮೇಡಂ. ಮೊದಲು ಬಿಡಬೇಕಾದ್ದನ್ನು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೊರಿಲ್ಲಾ ಆಗುವುದಿಲ್ಲ. ಹದಿನೈದು ವರ್ಷ ತುಂಬದ ಮಕ್ಕಳನ್ನು ಅಲ್ಲಿಗೆ ಬಿಡುವುದೇ ಇಲ್ಲ. ಗೊರಿಲ್ಲಾಗಳಿರುವ ಬ್ವಿಂಡಿ ಕಾಡು ದೇಶದ ನೈಋತ್ಯ ತುದಿಯಲ್ಲಿದೆ, ರಸ್ತೆಯಲ್ಲಿ ಹೋದರೆ ಇಡೀ ದಿನ ಬೇಕು. ಮರ್ಚಿಸನ್ ಕೂಡ ಈ ಸಲ ಬೇಡ. ಜಿಂಜಾ ಇರುವುದು ಕಂಪಾಲಾದ ಪೂರ್ವಕ್ಕೆ, ಮರ್ಚಿಸನ್ ವಾಯವ್ಯಕ್ಕೆ. ಎರಡನ್ನೂ ಸೇರಿಸಿದರೆ ರಜೆಯ ಅರ್ಧ ಕಾರಿನ ಸೀಟಿನಲ್ಲೇ ಮುಗಿಯುತ್ತದೆ. ಮಂಡಿನೋವಿನವರಿಗೆ ಅದು ಶಿಕ್ಷೆ.

ಹಾಗಾಗಿ ಜಿಂಜಾದಲ್ಲೇ ಮೂರು ರಾತ್ರಿ ಇರಿ. ಮಗನಿಗೆ ಪ್ರಾಣಿ ನೋಡಲೇಬೇಕು ಅಂದರೆ, ವಾಪಸ್ ವಿಮಾನ ಹತ್ತುವ ದಿನ ಎಂಟೆಬೆಯ ವನ್ಯಜೀವಿ ಕೇಂದ್ರಕ್ಕೆ ಹೋಗಿ. ಅದೂ ಸರೋವರದ ದಡದಲ್ಲೇ ಇದೆ, ವಿಮಾನ ನಿಲ್ದಾಣಕ್ಕೆ ಹತ್ತಿರ.

ಕಂಪಾಲಾದಿಂದ ಜಿಂಜಾಕ್ಕೆ 80 ಕಿಲೋಮೀಟರ್. ಎರಡು ಗಂಟೆ ಅಂತ ಎಲ್ಲರೂ ಹೇಳುತ್ತಾರೆ, ನಂಬಬೇಡಿ. ಕೀನ್ಯಾ ಕಡೆಯಿಂದ ಬರುವ ಲಾರಿಗಳೆಲ್ಲ ಅದೇ ರಸ್ತೆಯಲ್ಲಿ. ಬೆಳಿಗ್ಗೆ ಆರಕ್ಕೆ ಮುಂಚೆ ಹೊರಟರೆ ಆರಾಮ. ಒಂಬತ್ತಕ್ಕೆ ಹೊರಟರೆ ಊರು ದಾಟುವುದರಲ್ಲೇ ಸಾಕಾಗಿ ಹೋಗುತ್ತದೆ. ದಾರಿಯಲ್ಲಿ ನಮವೊಜೋಲೊ ಅಂತ ಒಂದು ಸಂತೆ ಸಿಗುತ್ತದೆ. ಕಾರು ನಿಲ್ಲುವ ಮುಂಚೆಯೇ ಏಪ್ರನ್ ಹಾಕಿಕೊಂಡ ಹುಡುಗರು ಓಡಿಬಂದು, ಕಡ್ಡಿಗೆ ಚುಚ್ಚಿದ ಸುಟ್ಟ ಕೋಳಿಯನ್ನು ಕಿಟಕಿಯೊಳಗೇ ತೂರಿಸುತ್ತಾರೆ. ಅತ್ತೆಗೆ ಮೊದಲೇ ಹೇಳಿಟ್ಟಿರಿ! ನೀವು "ಗೊಂಜಾ" ಅಂತ ಕೇಳಿ. ಕೆಂಡದಲ್ಲಿ ಸುಟ್ಟ ಸಿಹಿ ಬಾಳೆಕಾಯಿ, ಬಿಸಿಬಿಸಿ ಕೊಡುತ್ತಾರೆ, ತುಂಬಾ ಚೆನ್ನಾಗಿರುತ್ತದೆ. ಅಲ್ಲಿಂದ ಮುಂದೆ ಮಬೀರಾ ಕಾಡು ದಾಟಿದರೆ ಜಿಂಜಾ ದೂರವಿಲ್ಲ.

ರೂಮು ಬುಕ್ ಮಾಡುವಾಗ ನೈಲ್ ಕಾಣುತ್ತದಾ ಅಂತ ಕೇಳಬೇಡಿ, ಮೆಟ್ಟಿಲು ಎಷ್ಟಿವೆ ಅಂತ ಕೇಳಿ. ನದಿಯ ದಡ ಅಲ್ಲಿ ಕಡಿದಾಗಿದೆ. ಚೆಂದದ ಲಾಡ್ಜ್‌ಗಳು ಇಳಿಜಾರಿನಲ್ಲಿರುತ್ತವೆ. ರೂಮು ಕೆಳಗೆ, ಊಟದ ಜಾಗ ಮೇಲೆ ಇದ್ದರೆ ಅತ್ತೆಯವರು ಮೂರು ಹೊತ್ತೂ ಹತ್ತಿಳಿಯಬೇಕಾಗುತ್ತದೆ. ಊರೊಳಗೆ, ಹಳೇ ಬಂಗಲೆಗಳಿರುವ ಸರೋವರದ ಕಡೆಯ ರಸ್ತೆಗಳಲ್ಲಿ ಒಂದೇ ಮಹಡಿಯ ಗೆಸ್ಟ್‌ಹೌಸ್‌ಗಳು ಸಿಗುತ್ತವೆ. ನಿಮಗೆ ಅವೇ ಸರಿ.

ಅದೇ ಪ್ರಶ್ನೆ ಕೇಳಿದವರು: ಮೂರು ರಾತ್ರಿ ಜಾಸ್ತಿ ಆಗಲ್ವಾ ಸರ್? ಅಂತರ್ಜಾಲದಲ್ಲಿ ನೋಡಿದರೆ ಒಂದು ದಿನ ಸಾಕು ಅಂತಾರೆ.

ಉತ್ತರ: ದೋಣಿ ಹತ್ತಿ ಫೋಟೊ ತೆಗೆದು ವಾಪಸ್ ಬರುವುದಾದರೆ ಅರ್ಧ ದಿನ ಸಾಕು. ಆದರೆ ಅಲ್ಲಿ ಮತ್ತೇನಿದೆ ನೋಡಿ.

ನೈಲ್ ಸರೋವರ ಬಿಟ್ಟು ಹೊರಡುವ ಜಾಗದಲ್ಲಿ ಮೊದಲು ರಿಪನ್ ಫಾಲ್ಸ್ ಅಂತ ಜಲಪಾತ ಇತ್ತು. 1862ರಲ್ಲಿ ಸ್ಪೀಕ್ ಎಂಬ ಬ್ರಿಟಿಷ್ ಅಧಿಕಾರಿ ನೋಡಿದ್ದು ಅದನ್ನೇ. 1954ರಲ್ಲಿ ಕೆಳಗಡೆ ಓವನ್ ಫಾಲ್ಸ್ ಅಣೆಕಟ್ಟು ಬಂದ ಮೇಲೆ ಅದು ಮುಳುಗಿತು. ಈಗ ಜಲಪಾತ ಹುಡುಕಿಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ಕಾಣುವುದು ಅಗಲವಾದ, ಶಾಂತವಾಗಿ ಹರಿಯುವ ನೀರು, ನೀರುಕಾಗೆ, ಮಿಂಚುಳ್ಳಿ. ಈ ನೀರು ಮೆಡಿಟರೇನಿಯನ್ ಮುಟ್ಟಲು ಸುಮಾರು ಮೂರು ತಿಂಗಳು ಅಂತ ಅಲ್ಲಿಯ ಗೈಡ್‌ಗಳು ಹೇಳುತ್ತಾರೆ. ಮಗನಿಗೆ ಭೂಪಟ ತೆಗೆದು ತೋರಿಸಿ, ಆಗ ಅವನಿಗೂ ಹುರುಪು ಬರುತ್ತದೆ.

ದೋಣಿಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ಸರೋವರದ ಕಡೆಯಿಂದ ಗಾಳಿ ಮಳೆ ಏಳುವುದಕ್ಕೆ ಹೆಚ್ಚು ಹೊತ್ತು ಬೇಡ. ಬಾಡಿಗೆಯನ್ನು ಹತ್ತುವ ಮುಂಚೆಯೇ, ತಲೆಗೆ ಇಷ್ಟು ಅಂತಲೋ ದೋಣಿಗೆ ಇಷ್ಟು ಅಂತಲೋ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಲೇಬೇಡಿ.

ನೈಲ್ ಹುಟ್ಟುವ ಜಾಗದ ದಡದ ತೋಟದಲ್ಲಿ ಗಾಂಧೀಜಿಯ ಪ್ರತಿಮೆ ಇದೆ. 1948ರಲ್ಲಿ ಅವರ ಚಿತಾಭಸ್ಮದ ಒಂದು ಪಾಲನ್ನು ಇಲ್ಲಿ ನೈಲ್‌ಗೆ ಬಿಟ್ಟರು. ಪ್ರತಿಮೆಯನ್ನು 1997ರಲ್ಲಿ ಆಗಿನ ಪ್ರಧಾನಿ ಐ. ಕೆ. ಗುಜ್ರಾಲ್ ಅನಾವರಣ ಮಾಡಿದರು. ನಾನು ಕರೆದುಕೊಂಡು ಹೋದ ಹಿರಿಯರು ದೋಣಿಗಿಂತ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ಒಂದು ಸಂಜೆಯನ್ನು ಮೇನ್ ಸ್ಟ್ರೀಟ್‌ಗೆ ಇಡಿ. ಸಾಲು ಸಾಲು ಹಳೇ ಅಂಗಡಿಗಳು. ತಲೆಯೆತ್ತಿ ನೋಡಿದರೆ ಗಾರೆಯಲ್ಲಿ ಗುಜರಾತಿ ಮನೆತನದ ಹೆಸರು, ಕಟ್ಟಿದ ಇಸವಿ. ಕೆಳಗಡೆ ಈಗ ಮೊಬೈಲ್ ಅಂಗಡಿ, ಕಾಫಿ ಅಂಗಡಿ. 1972ರಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮಿನ್ 90 ದಿನ ಗಡುವು ಕೊಟ್ಟು ಏಷ್ಯಾದವರನ್ನು ಓಡಿಸಿದಾಗ ಈ ಬೀದಿಯೇ ಖಾಲಿಯಾಯಿತು. ತೊಂಬತ್ತರ ದಶಕದಲ್ಲಿ ಕೆಲವರು ವಾಪಸ್ ಬಂದು ಆಸ್ತಿ ಬಿಡಿಸಿಕೊಂಡರು. ನನ್ನ ಮಟ್ಟಿಗೆ ನದಿಗಿಂತ ಈ ಬೀದಿಯೇ ಜಾಸ್ತಿ ಮಾತಾಡುತ್ತದೆ.

ಅಣೆಕಟ್ಟು, 2018ರಲ್ಲಿ ತೆರೆದ ಹೊಸ ಸೇತುವೆ, ಎರಡರ ಹತ್ತಿರವೂ ಫೋಟೊ ತೆಗೆಯಬೇಡಿ. ಕಾವಲಿನವರು ಸುಮ್ನೆ ಬಿಡುವುದಿಲ್ಲ.

ಪ್ರಶ್ನೆ (ದಾವಣಗೆರೆಯಿಂದ): ನಡುವೆ ಬಾಯಿ ಹಾಕುತ್ತಿದ್ದೇನೆ ಸರ್. ಸರೋವರದಲ್ಲಿ ಈಜಬಹುದಾ? ರಾಫ್ಟಿಂಗ್ ಇದೆಯಂತಲ್ಲ?

ಉತ್ತರ: ದಡದಲ್ಲಿ ಕಾಲು ಇಳಿಬಿಡುವುದೂ ಬೇಡ. ಜೊಂಡು ಬೆಳೆದ ನಿಂತ ನೀರಿನ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಎಂಬ ಕಾಯಿಲೆ ಬರುತ್ತದೆ. ಕಾಯಿಲೆ ತರುವ ಹುಳದ ಮರಿ ಕಣ್ಣಿಗೆ ಕಾಣುವುದಿಲ್ಲ, ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಊರಿನ ಮಕ್ಕಳು ಈಜುತ್ತಿದ್ದಾರಲ್ಲ ಅಂತ ನಿಮ್ಮ ಮಕ್ಕಳನ್ನು ಇಳಿಸಬೇಡಿ. ಆ ಮಕ್ಕಳಲ್ಲೂ ಕಾಯಿಲೆ ಇದೆ. ಅಪ್ಪಿತಪ್ಪಿ ನೀರಿಗಿಳಿದಿದ್ದರೆ ಊರಿಗೆ ಬಂದು ಒಂದೆರಡು ತಿಂಗಳಾದ ಮೇಲೆ ಡಾಕ್ಟರಿಗೆ ಹೇಳಿ ಪರೀಕ್ಷೆ ಮಾಡಿಸಿ. ಔಷಧಿ ಇದೆ, ವಾಸಿಯಾಗುತ್ತದೆ. ಹೋಟೆಲಿನ ಈಜುಕೊಳವೇ ಸಾಕು.

ರಾಫ್ಟಿಂಗ್ ಹೆಸರುವಾಸಿ. ಬುಜಗಾಲಿ ಅಣೆಕಟ್ಟು ಕಟ್ಟಿದ ಮೇಲೆ ಹಳೇ ರಭಸದ ಜಾಗಗಳು ಕೆಲವು ಮುಳುಗಿದವು, ಈಗ ಅದರ ಕೆಳಗಿನ ಹರಿವಿನಲ್ಲಿ ನಡೆಸುತ್ತಾರೆ. ಅಲ್ಲಿ ನೀರು ರಭಸವಾಗಿರುವುದರಿಂದ ಬಿಲ್ಹಾರ್ಜಿಯಾ ಭಯ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಹನ್ನೆರಡರ ಹುಡುಗನನ್ನು ದೊಡ್ಡ ಅಲೆಗಳಿಗೆ ಕಳಿಸಬೇಡಿ. ಮಕ್ಕಳಿಗೆ ಅಂತಲೇ ಮೆಲ್ಲಗೆ ತೇಲಿಸಿಕೊಂಡು ಹೋಗುವ ರಾಫ್ಟ್ ಕೇಳಿ.

ಅದೇ ಪ್ರಶ್ನೆ ಕೇಳಿದವರು (ಮೈಸೂರು): ವೀಸಾ, ಇಂಜೆಕ್ಷನ್ ಬಗ್ಗೆ ಹೇಳಿ ಸರ್. ಅತ್ತೆಗೂ ಹಾಕಿಸಬೇಕಾ?

ಉತ್ತರ: ಒಳ್ಳೆಯದಾಯಿತು ಕೇಳಿದ್ದು. ಟಿಕೆಟ್ ಮಾಡಿಸುವ ಮುಂಚೆ ಇದನ್ನೇ ಮುಗಿಸಿ. ಉಗಾಂಡಾಕ್ಕೆ ಹಳದಿ ಜ್ವರದ ಲಸಿಕೆ ಕಡ್ಡಾಯ. ವಾಪಸ್ ಬರುವಾಗ ಭಾರತದಲ್ಲೂ ಆ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಕಾರ್ಡ್ ಜಾರಿಗೆ ಬರುವುದು ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಹಾಕಿಸಿದರೆ ಮಾತ್ರ ಲೆಕ್ಕ.

ಅತ್ತೆಯವರ ವಿಷಯಕ್ಕೆ ಬಂದರೆ, 60 ದಾಟಿದವರಿಗೆ ಈ ಲಸಿಕೆಯಿಂದ ತೀವ್ರ ಅಡ್ಡಪರಿಣಾಮದ ಸಾಧ್ಯತೆ ಜಾಸ್ತಿ. ಅಪರೂಪ, ಆದರೂ ಉಂಟು. ಅವರ ಮಾತ್ರೆ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ ಕೇಂದ್ರದ ಡಾಕ್ಟರಿಗೆ ತೋರಿಸಿ. ಬೇಡ ಅಂದರೆ ವಿನಾಯಿತಿ ಪತ್ರ ಕೊಡುತ್ತಾರೆ. ಅದನ್ನು ಒಪ್ಪುತ್ತಾರಾ ಅಂತ ವೀಸಾ ಹಾಕುವ ಮುಂಚೆ ಉಗಾಂಡಾ ಹೈಕಮಿಷನ್‌ಗೆ ಬರೆದು ಕೇಳಿ. ಮಲೇರಿಯಾ ಮಾತ್ರೆಯ ಮಾತನ್ನೂ ಅದೇ ಡಾಕ್ಟರ ಹತ್ತಿರ ಮುಗಿಸಿ, ಜಿಂಜಾದಲ್ಲಿ ವರ್ಷವಿಡೀ ಮಲೇರಿಯಾ ಇದೆ. ಸೊಳ್ಳೆ ಪರದೆ ಇರುವ ರೂಮೇ ಬೇಕು.

ವೀಸಾ ಆನ್‌ಲೈನ್, ಒಬ್ಬರಿಗೆ 50 ಡಾಲರ್. ಸರ್ಕಾರದ ವೆಬ್‌ಸೈಟ್‌ನಂತೆಯೇ ಕಾಣುವ ಏಜೆಂಟರ ಸೈಟುಗಳು ಎರಡರಷ್ಟು ವಸೂಲು ಮಾಡುತ್ತವೆ, ನೋಡಿಕೊಳ್ಳಿ. ಡಾಲರ್ ನೋಟು ಹೊಸದಾಗಿರಲಿ. ಹಳೇ ಇಸವಿಯ, ಮಡಚಿದ, ಗೀಚಿದ ನೋಟನ್ನು ಅಲ್ಲಿ ಮುಟ್ಟುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ): ಸಸ್ಯಾಹಾರಿಗಳಿಗೆ ಊಟದ ಗತಿ ಏನ್ರೀ?

ಉತ್ತರ: ಏನೂ ತೊಂದರೆ ಇಲ್ಲರೀ. ಚಪಾತಿ ಅಲ್ಲಿಯ ಬೀದಿ ತಿಂಡಿ. ಮೈದಾ, ಎಣ್ಣೆ ಜಾಸ್ತಿ, ನಮ್ಮದಕ್ಕಿಂತ ದಪ್ಪ. ಅದರೊಳಗೆ ಆಮ್ಲೆಟ್ ಸುತ್ತಿ ಕೊಡುವುದು ರೋಲೆಕ್ಸ್, ಅದು ನಿಮಗೆ ಬೇಡ. ಚಪಾತಿ ಚೂರು ಮಾಡಿ ಮೇಲೆ ಬೇಯಿಸಿದ ಕಾಳು ಸುರಿದು ಕೊಡುವುದು ಕಿಕೊಮಾಂಡೊ, ಹೊಟ್ಟೆ ತುಂಬುತ್ತದೆ. ಬಾಳೆಕಾಯಿ ಬೇಯಿಸಿ ಹಿಸುಕಿದ ಮಟೋಕೆ, ಅದಕ್ಕೆ ಶೇಂಗಾ ಸಾರು. ಪೋಶೊ ಅಂದರೆ ಮೆಕ್ಕೆಜೋಳದ ಮುದ್ದೆ. ಸಾರಿಗೆ ಮಾಂಸದ ರಸ ಹಾಕಿದ್ದೀರಾ ಅಂತ ಕೇಳಿಯೇ ತಿನ್ನಿ. ಅನ್ನ ಬೇಳೆ ಬೇಕಾದರೆ ಊರಲ್ಲಿ ಭಾರತೀಯ ಹೋಟೆಲುಗಳಿವೆ.

ಅದೇ ಪ್ರಶ್ನೆ ಕೇಳಿದವರು (ಮೈಸೂರು): ಕೊನೆಯದು ಸರ್. ಡಿಸೆಂಬರ್ 23ಕ್ಕೆ ಜಿಂಜಾಕ್ಕೆ ಹೊರಡುವ ಅಂತ ತಮ್ಮ ಹೇಳುತ್ತಿದ್ದಾನೆ. ಅವನೇ ಕಾರು ಓಡಿಸುತ್ತಾನಂತೆ.

ಉತ್ತರ: ಆ ದಿನ ಬೇಡ ಮೇಡಂ. ಕ್ರಿಸ್ಮಸ್‌ಗೆ ಕಂಪಾಲಾದ ಅರ್ಧ ಜನ ಹಳ್ಳಿಗೆ ಹೊರಡುತ್ತಾರೆ. ಪೂರ್ವದ ಜಿಲ್ಲೆಗಳವರಿಗೆಲ್ಲ ಇದೇ ರಸ್ತೆ. 19ರ ಒಳಗೆ ಹೋಗಿ ಬಂದುಬಿಡಿ, ಇಲ್ಲವೇ 27ರ ಬೆಳಿಗ್ಗೆ ಹೊರಡಿ. ರೂಮನ್ನು ಈಗಲೇ ಹಿಡಿದಿಡಿ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ತಮ್ಮನಿಗೆ ರಸ್ತೆ ಅಭ್ಯಾಸವಿದ್ದರೆ ಓಡಿಸಲಿ. ಕತ್ತಲಾದ ಮೇಲೆ ಮಾತ್ರ ಬೇಡ. ದೀಪವಿಲ್ಲದ ಲಾರಿಗಳು ರಸ್ತೆಯಲ್ಲೇ ಕೆಟ್ಟು ನಿಂತಿರುತ್ತವೆ. ತಾರೀಕು ಗಟ್ಟಿಯಾದ ಮೇಲೆ ಇಲ್ಲೇ ಬರೆಯಿರಿ, ಮೆಟ್ಟಿಲಿಲ್ಲದ ಎರಡು ಮೂರು ಗೆಸ್ಟ್‌ಹೌಸ್‌ಗಳನ್ನು ವಿಚಾರಿಸಿ ಹೇಳುತ್ತೇನೆ.