ಗೇಟಿಗೆ ಗಾಡಿ ಸೆನ್ಸಾರ್: ಲೂಪ್ ಹಾಕ್ಸೋದಾ, ಬೀಮ್ ಸಾಕಾ?

ಆಗುಂಬೆ ದಾರಿಯವ:
ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ. ಟಾರ್ ರಸ್ತೆಯಿಂದ ಒಳಗೆ ಪೂರ್ತಿ ಮಣ್ಣು ದಾರಿ, ಗೇಟ್ ಬುಡದಲ್ಲಿ ಮಾತ್ರ ಕಾಂಕ್ರೀಟ್. ಮಳೇಲಿ ಕಾರಿಂದ ಇಳಿದು ಗೇಟ್ ತೆಗೆಯೋದು ಅಪ್ಪಯ್ಯಂಗೆ ಆಗಲ್ಲ ಅಂತ ಮೋಟ್ರು ಹಾಕ್ಸಿದ್ವಿ, ಒಳಗಿಂದ ಹೊರಡುವಾಗ ತನ್ನಷ್ಟಕ್ಕೆ ತೆಗೀಲಿ ಅಂತ ಪಿಐಆರ್ ಸೆನ್ಸಾರ್ ಕೂರ್ಸಿದ್ರೆ ಈಗ ದನ ಹೋದ್ರೂ ತೆಗಿಯತ್ತೆ ನಾಯಿ ಹೋದ್ರೂ ತೆಗಿಯತ್ತೆ, ಮೊನ್ನೆ ರಾತ್ರಿ ನಮ್ಮ ನಾಯಿನೇ ಗೇಟ್ ತೆಗೆಸಿ ಕಾಡುಹಂದಿನ ತೋಟಕ್ಕೆ ಬಿಟ್ಕೊಂಡಿದೆ. ಒಬ್ರು ಲೂಪ್ ಅಂತಾರೆ, ಒಬ್ರು ಬೀಮ್ ಸಾಕು ಅಂತಾರೆ. ಎಂತ ಮಾಡೋದು ಮಾರಾಯ್ರೆ?

ಶಿವಮೊಗ್ಗ ವೈರಿಂಗ್:
ಪಿಐಆರ್ ನೋಡೋದು ಮೈ ಬಿಸಿನ, ಅದಕ್ಕೆ ಹಂದಿ ಆದ್ರೇನು ಕಾರಾದ್ರೇನು. ಬೀಮ್ ಅಂದ್ರೆ ಗೇಟಿಗೆ ಅಡ್ಡ ಹಾಯೋ ಕಾಣದ ಬೆಳಕಿನ ಗೆರೆ, ಅದರ ಕೆಲಸವೇ ಬೇರೆ, ಗೇಟ್ ಮುಚ್ಚುವಾಗ ನಡುವೆ ಯಾರಾದ್ರೂ ಇದ್ರೆ ನಿಲ್ಸೋದು. ಅದನ್ನ ತೆಗಿಬೇಡಿ, ಆದ್ರೆ ಗೇಟ್ ತೆಗೆಸೋಕೆ ಹಾಕಿದ್ರೆ ನಾಯಿ ಕತೆ ಮತ್ತೆ ಅದೇ. ಲೂಪ್ ಅಂದ್ರೆ ನೆಲ ಕೊರೆದು ಕೂರಿಸೋ ವೈರ್ ಸುರುಳಿ, ಮೇಲೆ ಲೋಹದ ಬಾಡಿ ಬಂದ್ರೆ ಅದರ ಇಂಡಕ್ಟೆನ್ಸ್ ಇಳಿಯತ್ತೆ, ಗಾಡಿ ನಿಂತಿದ್ರೂ ಗೊತ್ತಾಗತ್ತೆ, ಪ್ರಾಣಿ ಬಂದ್ರೆ ಕ್ಯಾರೇ ಅನ್ನಲ್ಲ.

ಹೊಸನಗರದವ:
ಲೂಪ್ ಒಳ್ಳೇದೇ, ಆದ್ರೆ ನಮ್ಮಲ್ಲಿ ಹಾಕ್ಸಿದ ಮೊದಲನೇ ಮಳೆಗಾಲಕ್ಕೇ ಗೇಟ್ ಮಧ್ಯರಾತ್ರಿ ತನ್ನಷ್ಟಕ್ಕೆ ತೆಕ್ಕೊಳ್ಳೋಕೆ ಶುರು, ಹೆಂಡತಿ ದೆವ್ವ ಅಂದ್ಳು! ಕಡೆಗೆ ಅಗೆದು ನೋಡಿದ್ರೆ ನೆಲದೊಳಗೆ ವೈರ್ ಜಾಯಿಂಟ್ ಹಾಕಿದಾನೆ, ಅದ್ರಲ್ಲಿ ನೀರು. ಜಾಯಿಂಟೇ ಇಲ್ದೆ ಒಂದೇ ವೈರ್ ಲೂಪ್ ಓದೋ ಡಿಟೆಕ್ಟರ್ ಪೆಟ್ಟಿಗೆ ತನಕ ತರಬೇಕು, ಗೀರಿದ ಜಾಗನ ಸೀಲೆಂಟ್ ಹಾಕಿ ಗಟ್ಟಿ ಮುಚ್ಚಬೇಕು. ನಿಮ್ಮದು ಮಣ್ಣು ದಾರಿ, ವೈರ್ ಅಲುಗಾಡತ್ತೆ. ಕಾಂತದ ಪ್ರೋಬ್ ನೋಡಿ, ದಾರಿ ಪಕ್ಕ ಹೂತರೆ ಸಾಕು. ಕಬ್ಬಿಣ ಇರೋ ಗಾಡಿ ಹಾದು ಹೋದ್ರೆ ಅಲ್ಲಿನ ಭೂಮಿಯ ಕಾಂತಕ್ಷೇತ್ರ ಏರುಪೇರಾಗತ್ತೆ, ಅದನ್ನ ಹಿಡಿಯತ್ತೆ.

ಶಿವಮೊಗ್ಗ ವೈರಿಂಗ್:
ಹೌದು, ಮಣ್ಣಿಗೆ ಪ್ರೋಬೇ ಸರಿ. ಆದ್ರೆ ಅದು ಓಡೋ ಗಾಡಿನ ಮಾತ್ರ ನೋಡತ್ತೆ, ನಿಂತಿದ್ದು ಗೊತ್ತಾಗಲ್ಲ, ಅದಕ್ಕೇ ಬೀಮ್ ಇರ್ಲಿ ಅಂದಿದ್ದು. ಗೇಟಿಂದ ದೂರ ಹೂಳಿ, ಇಲ್ದಿದ್ರೆ ಗೇಟಿನ ಕಬ್ಬಿಣ ಅಲ್ಲಾಡಿದ್ದಕ್ಕೇ ಗಾಡಿ ಬಂತು ಅಂದ್ಕೊಳ್ಳತ್ತೆ. ಗೇಟಿನ ಹೊರಗಡೆ ಮಾತ್ರ ಯಾವ ಸೆನ್ಸಾರೂ ಬೇಡ, ದಾರಿ ತಪ್ಪಿದ ಜೀಪಿಗೂ ತೆಗಿಯತ್ತೆ, ಹೊರಗಿಂದ ಬರೋಕೆ ರಿಮೋಟೇ ಆಗ್ಬೇಕು. ಸಿಡಿಲಿಗೆ ವೈರಲ್ಲಿ ನುಗ್ಗೋ ಕರೆಂಟ್ ತಡೆಯೋ ಸರ್ಜ್ ಪ್ರೊಟೆಕ್ಟರ್ ಮರೀಬೇಡಿ.

ಆಗುಂಬೆ ದಾರಿಯವ:
ಸರಿ, ಪ್ರೋಬ್ ಹಾಕ್ಸಿ ಪಿಐಆರ್ ಕೀಳ್ತೀನಿ. ಅಪ್ಪಯ್ಯ ಪೇಟೆಗೆ ಎಕ್ಸೆಲ್ ಮೊಪೆಡ್ಡಲ್ಲಿ ಹೋಗ್ತಾರೆ, ಅದು ಸಿಗತ್ತಾ?

ಹೊಸನಗರದವ:
ಅದ್ರಲ್ಲಿ ಕಬ್ಬಿಣ ಎಷ್ಟಿರತ್ತೆ ಮಾರಾಯ್ರೆ, ಪ್ರೋಬ್ ಪಕ್ಕದಲ್ಲೇ ಹೋದ್ರೆ ಸಿಗಬಹುದು, ನಂಬ್ಕೊಂಡು ಕೂರೋಕಾಗಲ್ಲ. ಬೀಗದಕೈ ಗೊಂಚಲಿಗೆ ಒಂದು ರಿಮೋಟ್ ಕಟ್ಟಿಬಿಡಿ.