16 ಅಡಿ ಟ್ರಾವೆಲ್ ಟ್ರೇಲರ್: ಬಾಗಿಲು ಯಾವ ಕಡೆ ಇದ್ದರೆ ಒಳ್ಳೇದು?

ಚಿಂತಾಮಣಿ_ರೋಡ್
ಎಲ್ಲರಿಗೂ ನಮಸ್ಕಾರ. ಊರು ಚಿಕ್ಕಬಳ್ಳಾಪುರ. ಓಡಾಟ 44ರ ಹೆದ್ದಾರಿ, ಬಿಟ್ಟರೆ ಕೋಲಾರದ ಕಡೆ ಮಣ್ಣುರಸ್ತೆ. ನಾಲ್ಕು ಜನ, ಅಮ್ಮನಿಗೆ ಮಂಡಿನೋವು. ಕಾರಿನ ಹಿಂದೆ ಕಟ್ಟಿ ಎಳೆಯೋ, ಒಳಗೆ ಮಲಗಿ ಅಡುಗೆ ಮಾಡೋ ಥರದ ಎರಡು ಟ್ರೇಲರ್ ನೋಡಿಟ್ಟಿದ್ದೇನೆ.

ಒಂದು ಇಲ್ಲೇ ಕಟ್ಟಿದ್ದು. ಬಾಗಿಲು ಎಡಕ್ಕೆ, ಚಕ್ರದ ಹಿಂದೆ. ಮಂಚ ಮುಂದೆ, ಒಲೆ ಬಾಗಿಲ ಪಕ್ಕ, ಟಾಯ್ಲೆಟ್ ಹಿಂದಿನ ಮೂಲೆ. ಇನ್ನೊಂದು ಅಮೆರಿಕದ ಹಳೇ ಗಾಡಿ. ಬಾಗಿಲು ಬಲಕ್ಕೆ, ಚಕ್ರದ ಮುಂದೆ, ಮಂಚ ಹಿಂದೆ. ಮರಗೆಲಸ ಚೆನ್ನಾಗಿದೆ, ರೇಟೂ ಕಮ್ಮಿ. ಬಲಗಡೆ ಬಾಗಿಲು ಅಷ್ಟು ತೊಂದರೆಯಾ? ಅದನ್ನ ಮುಚ್ಚಿ ಎಡಕ್ಕೆ ತೆಗೆಸಿದರೆ ಆಗಲ್ವಾ?

ಶಿರಾಗೇಟ್
ಎರಡನೇದನ್ನ ಬಿಡಿ ಸಾರ್. ಅಮೆರಿಕದಲ್ಲಿ ಬಲಗಡೆ ಓಡಿಸ್ತಾರೆ, ಅದಕ್ಕೇ ಅವರ ಬಾಗಿಲು ಬಲಕ್ಕೆ, ಅಂದರೆ ರಸ್ತೆ ಅಂಚಿಗೆ. ನಮ್ಮಲ್ಲಿ ಅದೇ ಬಾಗಿಲು ಲಾರಿ ಹೋಗೋ ಕಡೆ ತೆರೆಯುತ್ತೆ. ಹೆದ್ದಾರಿ ಪಕ್ಕ ನಿಲ್ಲಿಸಿ ಮಂಡಿನೋವಿನವರನ್ನ ಆ ಕಡೆ ಇಳಿಸೋಕಾಗುತ್ತಾ?

ಬಾಗಿಲು ಬದಲಾಯಿಸೋದು ಗೋಡೆಗೆ ತೂತು ಹೊಡೆದಷ್ಟು ಸುಲಭ ಅಲ್ಲ. ಗೋಡೆಯೊಳಗಿನ ಫ್ರೇಮ್ ಕತ್ತರಿಸಿ ಹೊಸದಾಗಿ ಚೌಕಟ್ಟು ಕಟ್ಟಬೇಕು. ಎಡಗೋಡೆಯ ವೈರು, ನೀರಿನ ಪೈಪು, ಕಪಾಟು ಎಲ್ಲಾ ಕೀಳಬೇಕು. ಹೊರಗಿನ ನೆರಳಿನ ಚಪ್ಪರ, ಮೆಟ್ಟಿಲು, ಬಾಗಿಲ ದೀಪ ಈ ಕಡೆಗೆ ಬರಬೇಕು. ಹಳೇ ಬಾಗಿಲು ಮುಚ್ಚಿದ ಕಡೆ ಸೀಲಂಟ್ ಬಿರುಕು ಬಿಟ್ಟರೆ ಮಳೆನೀರು ಒಳಗಿಳಿದು ಪ್ಲೈವುಡ್ ಉಬ್ಬುತ್ತೆ, ಅದು ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ. ಸಾಲದ್ದಕ್ಕೆ ಅದರ ಎಸಿ, ಮೈಕ್ರೋವೇವ್ 120 ವೋಲ್ಟಿನವು, ನಮ್ಮದು 230. ಕಮ್ಮಿ ರೇಟು ಅಲ್ಲೇ ಕರಗಿಹೋಗುತ್ತೆ.

ಮಾಲೂರು_ವೆಲ್ಡರ್
ಎಡಬಾಗಿಲು ಸರಿ. ಆದರೆ ಮೊದಲನೇದರಲ್ಲೂ ಒಂದು ಕೊಕ್ಕೆ ಇದೆ, ಯಾರೂ ಹೇಳಿಲ್ಲ. ಮಂಚ ಮುಂದೆ, ಬಾಗಿಲು ಹಿಂದೆ, ಒಲೆ ಬಾಗಿಲ ಪಕ್ಕ. ಒಗ್ಗರಣೆ ಹೊಗೆ ಹೊರಗೆ ಹೋಗೋಕೆ ಒಳ್ಳೇದು ನಿಜ. ಎಣ್ಣೆಗೆ ಬೆಂಕಿ ಹತ್ತಿದರೆ ಮಂಚದ ಮೇಲಿರೋರು ಅದನ್ನೇ ದಾಟಿ ಬರಬೇಕಲ್ಲ? ಮಲಗೋ ಜಾಗಕ್ಕೂ ಬಾಗಿಲಿಗೂ ನಡುವೆ ಒಲೆ ಇದ್ದರೆ ಮಂಚದ ಹತ್ತಿರ ಪೂರ್ತಿ ತೆರೆಯೋ ಕಿಟಕಿ ಇರಲೇಬೇಕು. ಸಿಲಿಂಡರ್ ಇಡೋ ಪೆಟ್ಟಿಗೆಗೆ ತಳದಲ್ಲೇ ಗಾಳಿಕಿಂಡಿ ಇದೆಯಾ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಇಳಿದು ನಿಲ್ಲುತ್ತೆ. ಮೇಲಿನ ಕಿಂಡಿಯಿಂದ ಹೋಗಲ್ಲ.

ಇನ್ನು ತೂಕ. ಅಡುಗೆ, ಟಾಯ್ಲೆಟ್ ಎರಡೂ ಹಿಂದೆ ಇದ್ದರೆ ಮೂತಿ, ಅಂದರೆ ಕಾರಿಗೆ ಸಿಕ್ಕಿಸೋ ಮುಂದಿನ ತುದಿ, ಹಗುರಾಗಿ ಸ್ಪೀಡಲ್ಲಿ ಬಾಲ ಅಲ್ಲಾಡೋಕೆ ಶುರುವಾಗುತ್ತೆ. ಟೊಮೆಟೊ ಲೋಡು ತೂಗೋ ಯಾವುದಾದರೂ ವೇಬ್ರಿಡ್ಜ್‌ಗೆ ಒಯ್ಯಿರಿ. ಕಾರು ಬಿಚ್ಚಿ ಇಡೀ ಟ್ರೇಲರ್ ತೂಗಿ. ಆಮೇಲೆ ಮೂತಿಯ ಜಾಕ್ ಮಾತ್ರ ತಟ್ಟೆಯಿಂದ ಹೊರಗಿಟ್ಟು, ಚಕ್ರ ತಟ್ಟೆ ಮೇಲೇ ಬಿಟ್ಟು ಇನ್ನೊಂದು ಸಲ. ಮೊದಲು 1,200, ಆಮೇಲೆ 1,120 ಬಂದರೆ ಮೂತಿಭಾರ 80 ಕೆಜಿ, ಶೇ. 7ಕ್ಕಿಂತ ಕಮ್ಮಿ. ಅಮೆರಿಕದವರ ಲೆಕ್ಕ ಶೇ. 10ರಿಂದ 15. ಯುರೋಪಿನವರು 5ರಿಂದ 7ಕ್ಕೇ ಸಾಕು ಅಂತಾರೆ, ಆದರೆ ಅವರ ಗಾಡಿಗಳನ್ನ ಆ ಲೆಕ್ಕಕ್ಕೇ ಕಟ್ಟಿರ್ತಾರೆ. ಎಷ್ಟಾದರೂ ನಿಮ್ಮ ಕಾರಿನ ಹಿಚ್‌ಗೆ (ಟ್ರೇಲರ್ ಸಿಕ್ಕಿಸೋ ಕೊಂಡಿಗೆ) ಬರೆದಿರೋ ಮಿತಿ ದಾಟಬಾರದು. ನೀರಿನ ಟ್ಯಾಂಕ್ ಎಲ್ಲಿದೆ ಕೇಳಿ. 100 ಲೀಟರ್ ಅಂದರೆ 100 ಕೆಜಿ, ಅದು ಚಕ್ರದ ಹಿಂದಿದ್ದರೆ ತುಂಬಿಸಿದಷ್ಟೂ ಮೂತಿ ಏಳುತ್ತೆ. ಖಾಲಿ, ಭರ್ತಿ ಎರಡೂ ತೂಗಿ.

ಅಂತರಗಂಗೆ
ಚಕ್ರದ ಹಿಂದಿರೋ ಬಾಗಿಲಿಗೆ ಧೂಳು ಜಾಸ್ತಿ. ಓಡುವಾಗ ಟ್ರೇಲರ್ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗಿ ಸಂದಿಯಿಂದ ಕೆಂಪುಮಣ್ಣು ಒಳಗೆ ಎಳೆಯುತ್ತೆ. ಬಾಗಿಲ ಸುತ್ತಲಿನ ರಬ್ಬರಿಗೆ ನೋಟು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂತು ಅಂದರೆ ಅಲ್ಲಿ ರಬ್ಬರು ಕೂತಿಲ್ಲ.

ಕೀಲು ಬಾಗಿಲಿನ ಮುಂದಿನ ಅಂಚಿಗಿರಬೇಕು. ಬೀಗ ಸಡಿಲಾದರೂ ಎದುರುಗಾಳಿ ಮುಚ್ಚಿಯೇ ಹಿಡಿಯುತ್ತೆ. ಹಿಂದಿನ ಅಂಚಿಗಿದ್ದರೆ ರೆಕ್ಕೆ ಬಿಚ್ಚಿದ ಹಾಗೆ ತೆರೆದುಕೊಳ್ಳುತ್ತೆ.

ಅಮ್ಮನವರಿಗೆ: ಹೊರಗಿನ ನೆಲದಿಂದ ಟ್ರೇಲರ್ ಒಳಗಿನ ನೆಲ 24 ಇಂಚು ಎತ್ತರ ಇದ್ದರೆ ಒಂದೇ ಮೆಟ್ಟಿಲು ಸಾಲದು, ಎಂಟೆಂಟು ಇಂಚಿನ ಮೂರು ಏರು ಬೇಕು. ಕೈಹಿಡಿ ತೆಳು ತಗಡಿಗಲ್ಲ, ಫ್ರೇಮಿಗೇ ಬೋಲ್ಟ್ ಆಗಿರಲಿ. ಮಂಚದಿಂದ ಟಾಯ್ಲೆಟ್‌ವರೆಗೆ ಯಾರನ್ನೂ ದಾಟದೆ ಹೋಗೋಕಾಗುತ್ತಾ ನೋಡಿ. ಕೊಳ್ಳೋ ಮುಂಚೆ ಮನೆಯಂಗಳದಲ್ಲಿ ಸೀಮೆಸುಣ್ಣದಿಂದ ನಕ್ಷೆ ಬರೆದು ನಾಲ್ಕೂ ಜನ ಒಳಗೆ ನಿಂತು, ಒಬ್ಬರು ದೋಸೆ ಹುಯ್ಯೋ ಹಾಗೆ ನಿಲ್ಲಿ, ಇನ್ನೊಬ್ಬರು ಹಿಂದಿನಿಂದ ಟಾಯ್ಲೆಟ್‌ಗೆ ಹೋಗಲಿ. ಶೋರೂಮಲ್ಲಿ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತೆ.

ಚಿಂತಾಮಣಿ_ರೋಡ್
ಮೊದಲನೇದರ ಬಗ್ಗೆ ಫೋನ್ ಮಾಡಿ ಕೇಳಿದೆ. ಮಂಚದ ಹತ್ತಿರದ ಕಿಟಕಿ ಜಾರುಗಾಜಿನದಂತೆ, ಅರ್ಧ ಮಾತ್ರ ತೆರೆಯುತ್ತೆ. ಇನ್ನೊಂದು ವಿಷಯ, ನಿಲ್ಲಿಸಿದಾಗ ಅದರ ಬಾಗಿಲು ಚೌಕಟ್ಟಿಗೆ ಸಿಕ್ಕಿ ಬಿಗಿಯಾಗುತ್ತೆ.

ಮಾಲೂರು_ವೆಲ್ಡರ್
ಬಾಗಿಲು ಬಿಗಿಯಾಗೋದು ಮೂಲೆಯ ಆನಿಕೆಜಾಕ್‌ಗಳಿಂದ. ಅವು ಅಲ್ಲಾಡದ ಹಾಗೆ ಹಿಡಿಯೋಕೆ, ಗಾಡಿ ಎತ್ತೋಕಲ್ಲ. ಜಾಸ್ತಿ ತಿರುಗಿಸಿದರೆ ಚಾಸಿ (ತಳದ ಕಬ್ಬಿಣದ ಫ್ರೇಮ್) ತಿರುಚಿ ಚೌಕಟ್ಟು ಓರೆಯಾಗುತ್ತೆ. ಮೊದಲು ತಗ್ಗಿರೋ ಕಡೆ ಚಕ್ರಕ್ಕೆ ಹಲಗೆ ಕೊಟ್ಟು ಎಡಬಲ ಸಮ ಮಾಡಿ, ಚಕ್ರಕ್ಕೆ ಅಡ್ಡಗಲ್ಲು ಇಟ್ಟು ಕಾರು ಬಿಚ್ಚಿ, ಮೂತಿಜಾಕ್‌ನಲ್ಲಿ ಹಿಂದುಮುಂದು ಸಮ ಮಾಡಿ, ಕೊನೆಗೆ ಮೂಲೆಯವನ್ನ ನೆಲಕ್ಕೆ ತಾಗಿಸಿ. ಮೂಲೆಯ ನಾಲ್ಕೂ ಜಾಕ್ ಸಡಿಲಿಸಿದ ಮೇಲೂ ಬಾಗಿಲು ಉಜ್ಜಿದರೆ ಚಾಸಿಯೇ ಸೊಟ್ಟ ಇರಬಹುದು, ಕೊಳ್ಳಬೇಡಿ.

ಕಿಟಕಿ ಬದಲಾಯಿಸಿಕೊಡೋಕೆ ಹೇಳಿ. ಮೇಲೆ ಕೀಲಿರೋದು, ಒಳಗಿಂದ ಕೀಲಿ ಇಲ್ಲದೆ ತಳ್ಳಿ ತೆರೆಯೋದು, ದೊಡ್ಡವರ ಭುಜ ತೂರೋವಷ್ಟು ಅಗಲ. ಅಡ್ವಾನ್ಸ್ ಕೊಡೋ ಮುಂಚೆ ಬರವಣಿಗೆಯಲ್ಲಿ ತಗೊಳ್ಳಿ.