ಅತ್ತಿಗೆ, ಮಂಡಿ ನೋವು ಅಂತ ಕೂತುಬಿಡಬೇಡಿ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದರು, ಇನ್ನು ನಡೆಯೋದು ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಅಣ್ಣ ರೆಸ್ಟ್ ತಗೋ ಅಂದಿದ್ದಾನೆ. ಪುಟ್ಟ ಬೆಂಗಳೂರಲ್ಲಿ ಕೂತೇ ಆಪರೇಷನ್ ಮಾಡಿಸೋದೇ ಅಂತ ತೀರ್ಮಾನ ಮಾಡಿಬಿಟ್ಟಿದ್ದಾನೆ. ಯಾರೋ ಗ್ರೂಪಲ್ಲಿ ಸವೆದ ಮಂಡಿ ಮತ್ತೆ ಬೆಳೆಯುತ್ತೆ ಅನ್ನೋ ಎಣ್ಣೆ ಜಾಹೀರಾತು ಬೇರೆ ಹಾಕಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಸಂಜೆ ಆಗುತ್ತೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಡೆಯೋದು ಬಿಡಬೇಡಿ. ಬಿಟ್ಟು ಅನುಭವಿಸಿದವಳು ನಾನು.

ಮೂರು ವರ್ಷದ ಹಿಂದೆ ಶ್ರವಣಬೆಳಗೊಳಕ್ಕೆ ಹೋಗಿದ್ದು ನೆನಪಿದೆಯಲ್ಲ? ವಿಂಧ್ಯಗಿರಿಗೆ 600ಕ್ಕೂ ಜಾಸ್ತಿ ಮೆಟ್ಟಿಲು. ಬಂಡೆಯಲ್ಲೇ ಕಡಿದದ್ದು, ಬರಿಗಾಲು ಬೇರೆ. ಡೋಲಿಯವರು ಕರೆದರು. ನನಗೆ ಜಂಬ, ಹತ್ತಿಯೇ ಹತ್ತಿದೆ. ಹತ್ತುವಾಗ ಏದುಸಿರು ಬಿಟ್ಟರೆ ಬೇರೇನೂ ಇಲ್ಲ. ಇಳಿಯುವಾಗ ಅರ್ಧಕ್ಕೆ ಬರುವಷ್ಟರಲ್ಲಿ ಬಲಗಾಲು ಗಡಗಡ ನಡುಗೋಕೆ ಶುರುವಾಯ್ತು. ಕೊನೆಗೆ ಮಗು ಥರ ಕೂತು ಕೂತು ಇಳಿದೆ. ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ ಅಂತ ಅವತ್ತು ಗೊತ್ತಾಯ್ತು.

ಮನೆಗೆ ಬಂದವಳು ಆರು ತಿಂಗಳು ದಿವಾನದ ಮೇಲೆ ಕೂತೆ. ಪಾರ್ಕ್ ಬಿಟ್ಟೆ, ಮಾರ್ಕೆಟ್ ಬಿಟ್ಟೆ. ನೋವೇನೂ ಕಮ್ಮಿ ಆಗಲಿಲ್ಲ. ಏಳೋಕೇ ಒಬ್ಬರು ಕೈ ಹಿಡಿಯಬೇಕಾಯ್ತು. ಅದರ ಮೇಲೆ ನಾನೇ ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತರಿಸಿ ಎರಡು ತಿಂಗಳು ನುಂಗಿದೆ. ಪಾದ ಊದಿತು, ಬಿಪಿ ಏರಿತು. ಡಾಕ್ಟರ್ ಚೆನ್ನಾಗಿ ಬೈದರು. ಆ ಮಾತ್ರೆಗಳು ಹೊಟ್ಟೆಗೂ ಕಿಡ್ನಿಗೂ ತೊಂದರೆ ಕೊಡುತ್ತವೆ. ನಿಮಗಂತೂ ಶುಗರ್, ಬಿಪಿ ಎರಡೂ ಇದೆ, ಕೇಳದೆ ಒಂದೂ ನುಂಗಬೇಡಿ. ಮಂಡಿಗೆ ಹಚ್ಚುವ ನೋವಿನ ಜೆಲ್ ಆಗುತ್ತಾ ಅಂತ ಡಾಕ್ಟರನ್ನು ಕೇಳಿ.

ಆಮೇಲೆ ಫಿಸಿಯೋ ಹುಡುಗಿ ಹತ್ತಿರ ಹೋದೆ. ಅವಳು ಮೊದಲು ಮಂಡಿ ನೋಡಲೇ ಇಲ್ಲ. ತೊಡೆ ಮೇಲೆ ಕೈ ಇಟ್ಟು "ಬಿಗಿ ಮಾಡಿ ಅಮ್ಮ" ಅಂದಳು. ಮಾಡಿದೆ. ಹಳೇ ಹತ್ತಿ ದಿಂಬಿನ ಹಾಗೆ ಮೆತ್ತಗೆ ಬಿದ್ದಿತ್ತು ತೊಡೆ! "ನಿಮ್ಮ ಭಾರ ಹೊರೋಕೆ ಇದೂ ಕೈ ಜೋಡಿಸಬೇಕು. ಇದು ಸೋತಿದೆ, ಎಲ್ಲ ಮಂಡಿ ಮೇಲೆ ಬಿದ್ದಿದೆ" ಅಂದಳು.

ಹೇಳಿಕೊಟ್ಟದ್ದು ಏನು ದೊಡ್ಡ ವಿದ್ಯೆ ಅಲ್ಲ. ಮಂಚದ ಮೇಲೆ ಕಾಲು ಚಾಚಿ ಕೂರಬೇಕು. ಟವೆಲ್ ಸುರುಳಿ ಸುತ್ತಿ ಮಂಡಿ ಕೆಳಗೆ ಇಟ್ಟು ಅದನ್ನು ಅದುಮಬೇಕು. 5 ಎಣಿಸಿ ಬಿಡಬೇಕು. ಒಂದೊಂದು ಕಾಲಿಗೆ 10 ಸಲ. ನಾನು ಎಣಿಸಲ್ಲ, "ಹಾಸನಾಂಬೆ ತಾಯಿ ಕಾಪಾಡಮ್ಮ" ಅಂತ ನಿಧಾನಕ್ಕೆ ಹೇಳಿದರೆ ಸರಿಯಾಗಿ 5 ಆಗುತ್ತೆ. ಆಮೇಲೆ ಕುರ್ಚಿಯಿಂದ ಏಳೋದು, ಕೂರೋದು. ಕುರ್ಚಿ ಗೋಡೆಗೆ ಒತ್ತಿರಲಿ. ಸೀಟು ಮಂಡಿಗಿಂತ ಸ್ವಲ್ಪ ಎತ್ತರ ಇರಲಿ, ತಗ್ಗಾದರೆ ಜಮಖಾನ ಮಡಿಸಿ ಹಾಕಿ. ಮೊದಲು ಕೈ ಊರಿಕೊಂಡೇ ಏಳಿ, ಪರವಾಗಿಲ್ಲ. ನನಗೆ ಎರಡು ತಿಂಗಳು ಏನೂ ಗೊತ್ತಾಗಲಿಲ್ಲ, ದುಡ್ಡು ದಂಡ ಅಂದುಕೊಂಡೆ. ಮೂರನೇ ತಿಂಗಳು ಒಂದು ದಿನ ಸಿಲಿಂಡರ್ ಹುಡುಗ ಬೆಲ್ ಮಾಡಿದ. ಎದ್ದು ಹೋಗಿ ಬಾಗಿಲು ತೆಗೆದ ಮೇಲೆ ಹೊಳೀತು, ಕೈ ಊರದೆ ಎದ್ದಿದ್ದೇನೆ ಅಂತ.

ಈಗ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ 20 ನಿಮಿಷ ನಡೆಯುತ್ತೇನೆ. ನೋವೇ ಇಲ್ಲ ಅಂತ ಸುಳ್ಳು ಹೇಳಲ್ಲ. ನಡೆದದ್ದಕ್ಕೆ ಬಂದ ನೋವು ಮಾರನೇ ಬೆಳಿಗ್ಗೆ ಹೊತ್ತಿಗೆ ಇಳಿದಿದ್ದರೆ ಅಷ್ಟೇ ನಡೆಯೋದು, ಇಳಿಯದಿದ್ದರೆ ಕಮ್ಮಿ ಮಾಡೋದು. ತೂಕ 74 ಇತ್ತು, 69ಕ್ಕೆ ಬಂದಿದೆ. ರಾತ್ರಿ ಎರಡು ಮುದ್ದೆ ಒಂದಾಯ್ತು, ಅದೇ ದೊಡ್ಡ ತ್ಯಾಗ. ಮೈ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಇಳಿಯುತ್ತಂತೆ.

ಮನೆಯಲ್ಲೂ ಒಂದೆರಡು ಬದಲಾಯಿಸಿ. ನಿಮ್ಮ ಈಳಿಗೆ ಮಣೆ ಅಟ್ಟಕ್ಕೆ ಹಾಕಿ, ಟೇಬಲ್ ಮೇಲೆ ಚಾಕುವಿನಲ್ಲಿ ಹೆಚ್ಚಿ. ಹಲಸಿನಕಾಯಿ ಬಂದ ದಿನ ಅಣ್ಣನನ್ನು ಕೂರಿಸಿ! ಇಂಡಿಯನ್ ಟಾಯ್ಲೆಟ್ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತೆ, ನಾಚಿಕೆ ಬೇಡ. ಮೂಡಿಗೆರೆ ಮಳೆಗೆ ನಿಮ್ಮ ಅಂಗಳ ಪಾಚಿ ಕಟ್ಟುತ್ತೆ, ಕೋಲು ಹಿಡಿಯಿರಿ. ನೋವಿರೋದು ಬಲಗಾಲಲ್ಲಾದರೆ ಕೋಲು ಎಡಗೈಯಲ್ಲಿ. ನಾನು ಒಂದು ತಿಂಗಳು ತಪ್ಪು ಕೈಯಲ್ಲಿ ಹಿಡಿದು ಓಡಾಡಿದ್ದೆ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ.

ಆ ಎಣ್ಣೆ ಫಾರ್ವರ್ಡ್ ಹಾಕಿದವರು ಬೇಜಾರು ಮಾಡಿಕೊಳ್ಳಬಾರದು. ಬಿಸಿ ಎಣ್ಣೆ ತಿಕ್ಕಿದರೆ ಹಿತ ಆಗುತ್ತೆ, ನಾನೂ ತಿಕ್ಕುತ್ತೇನೆ. ಸವೆದದ್ದು ಅದರಿಂದ ಬೆಳೆಯಲ್ಲ, ಅಷ್ಟೇ. ಮಂಡಿ ಕಟಕಟ ಅನ್ನುತ್ತೆ ಅಂತಲೂ ಹೆದರಿದ್ದೀರಿ. ನೋವು, ಊತ ಇಲ್ಲದ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಪುಟ್ಟಾ, ನೀನೂ ಕೇಳಿಸಿಕೋ. ಆಪರೇಷನ್ ಕೆಟ್ಟದ್ದಲ್ಲ. ಒಳಗೆ ಹಾಕುವ ಕೃತಕ ಮಂಡಿ, ಅಂದರೆ ಇಂಪ್ಲಾಂಟ್, ಹತ್ತರಲ್ಲಿ ಎಂಟು ಜನಕ್ಕೆ 25 ವರ್ಷ ಬಾಳಿಕೆ ಬರುತ್ತಂತೆ. ರಾತ್ರಿ ನಿದ್ದೆ ಇಲ್ಲ, ಬಚ್ಚಲಿಗೂ ಹೋಗೋಕಾಗಲ್ಲ, ಇದೆಲ್ಲ ಮಾಡಿಯೂ ಆಗಲಿಲ್ಲ ಅಂದರೆ ಮಾಡಿಸೋಣ. ಇಂಪ್ಲಾಂಟ್ ಬೆಲೆಗೆ ಸರ್ಕಾರ 2017ರಲ್ಲೇ ಮಿತಿ ಹಾಕಿದೆ. ಖರ್ಚು ವಿಚಾರಿಸುವಾಗ ಇಂಪ್ಲಾಂಟಿಗೆ ಎಷ್ಟು, ಮಿಕ್ಕಿದ್ದಕ್ಕೆ ಎಷ್ಟು ಅಂತ ಬೇರೆ ಬೇರೆ ಕೇಳು. ಎಕ್ಸ್‌ರೇ ಒಂದನ್ನೇ ನೋಡಿ ತೀರ್ಮಾನ ಮಾಡಬೇಡ. ನನ್ನ ಎಕ್ಸ್‌ರೇ ನೋಡಿದರೆ ಇವಳು ನಡೆಯುತ್ತಾಳಾ ಅನ್ನಬೇಕು, ಹಂಗಿದೆ.

ಅತ್ತಿಗೆ, ನೀವೂ ಆ ಎಕ್ಸ್‌ರೇ ಫೋಟೋ ಮತ್ತೆ ಮತ್ತೆ ಕಳಿಸಬೇಡಿ. ನಿಮ್ಮ ಜಗಲಿ ಮೇಲಿನ ಕುರ್ಚಿ ಫೋಟೋ ಕಳಿಸಿ, ಪಕ್ಕದಲ್ಲಿ ನೀವು ನಿಂತಿರಿ. ಎತ್ತರ ಸಾಲುತ್ತಾ ನೋಡಿ ಹೇಳುತ್ತೇನೆ.